ನಮ್ಮ ಸೈಟು, ಅವರ ಹೊಲ

ಸೋದರಿಯರೇ, ಈ ಸಲ ನಿಮಗೊಂದು ಕೆಲಸ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಧ್ಯಾಹ್ನದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಮಕ್ಕಳು ಸ್ಕೂಲಿನಿಂದ ಬರಲು ಇನ್ನೂ ಹೊತ್ತಿದೆ ಎನ್ನುವಾಗ ಬೀರುವಿನ ಬಾಗಿಲು ತೆಗೆಯಿರಿ. ರೇಷ್ಮೆ ಸೀರೆಗಳ ಅಡಿಯಲ್ಲೋ ಒಳಗಿನ ಲಾಕರಿನಲ್ಲೋ ಒಂದು ಹಳೆಯ ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರೊಳಗೆ ನಿಮ್ಮ ಮನೆಯ ಕ್ರಯಪತ್ರ. ಯಜಮಾನರು ಬ್ಯಾಂಕಿನ ಸಾಲಕ್ಕೆ ಓಡಾಡುವಾಗ ಮಾತ್ರ ಹೊರಗೆ ಬರುವ ಕಾಗದ ಅದು. ಒಡವೆ ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ತೆಗೆದು ನೋಡುವ ನಾವು ಇದನ್ನು ಮುಟ್ಟುವುದೇ ಇಲ್ಲ, ಅಲ್ಲವೇ? ಇವತ್ತು ಮುಟ್ಟಿ. ಮೊದಲಿನ ಪುಟಗಳ ಛಾಪಾ ಕಾಗದ, ಮೊಹರು, ವಕೀಲರ ಭಾಷೆ ಎಲ್ಲ ಬಿಟ್ಟು ನೇರವಾಗಿ ಕೊನೆಗೆ, ‘ಷೆಡ್ಯೂಲು’ ಎಂದು ಬರೆದಿರುವ ಕಡೆ ಹೋಗಿ.

ಅಲ್ಲಿ ಸೈಟಿನ ನಂಬರು, ಅಳತೆ, ಚಕ್ಕುಬಂದಿ ಇರುತ್ತವೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಹೀಗೆ. ಬಹಳಷ್ಟು ಪತ್ರಗಳಲ್ಲಿ ಇನ್ನೂ ಒಂದು ಸಾಲು ಇರುತ್ತದೆ: ಇಂಥ ಹೋಬಳಿ, ಇಂಥ ಗ್ರಾಮ, ಸರ್ವೆ ನಂಬರ್ ಇಷ್ಟು. ನಿಮ್ಮ ಪತ್ರದಲ್ಲಿ ಇಲ್ಲದಿದ್ದರೆ ಅದಕ್ಕೂ ಹಿಂದಿನ ಮೂಲಪತ್ರದಲ್ಲಿ ನೋಡಿ. ಅದೂ ಸಿಗದಿದ್ದರೆ ಮೊಬೈಲು ಇರುವ ಮಗನನ್ನೋ ಸೊಸೆಯನ್ನೋ ಕರೆಯಿರಿ. ನಮ್ಮ ಕಂದಾಯ ಇಲಾಖೆಯವರದೇ ‘ದಿಶಾಂಕ್’ ಎನ್ನುವ ಒಂದು ಆ್ಯಪ್ ಇದೆ. ಮನೆಯ ಗೇಟಿನ ಹತ್ತಿರ ನಿಂತು ಒತ್ತಿದರೆ ನೀವು ನಿಂತಿರುವುದು ಯಾವ ಗ್ರಾಮದ ಯಾವ ಸರ್ವೆ ನಂಬರು ಅಂತ ತೋರಿಸುತ್ತದೆ. ಬೆಂಗಳೂರಿನ ನಟ್ಟನಡುವಿನ ಡಾಂಬರು ರಸ್ತೆಯಲ್ಲಿ ನಿಂತು ನೋಡಿದರೂ ಅಲ್ಲೊಂದು ಹಳ್ಳಿಯ ಹೆಸರು ಬರುತ್ತದೆ!

ಸರ್ವೆ ನಂಬರು ಎಂದರೆ ಒಂದು ಹೊಲದ ಸರ್ಕಾರಿ ಹೆಸರು. ಹೊಲದವರು ಅದನ್ನು ಹುಣಸೇಮರದ ಹೊಲ, ಕೆರೆ ಹಿಂದಿನ ಗದ್ದೆ ಅಂತ ಏನೋ ಒಂದು ಕರೆಯುತ್ತಿದ್ದಿರಬೇಕು. ನಮ್ಮ ಕಾಗದಕ್ಕೆ ನಂಬರು ಮಾತ್ರ ಬಂತು.

ಇನ್ನೊಂದು ಸಣ್ಣ ಲೆಕ್ಕ ಹಾಕೋಣ, ಹಾಲಿನವನ ಲೆಕ್ಕಕ್ಕಿಂತ ಸುಲಭ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ನಮ್ಮ ಮೂವತ್ತು-ನಲವತ್ತರ ಸೈಟು 1,200 ಚದರ ಅಡಿ. ಅಂದರೆ ನೀವು ರಂಗೋಲಿ ಹಾಕುವ ಬಾಗಿಲಿನಿಂದ ಹಿತ್ತಿಲ ಬಚ್ಚಲಿನವರೆಗೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ ಹೊಲ. ನಲವತ್ತು ಗುಂಟೆಗೆ ಒಂದು ಎಕರೆ. ಎಕರೆಯಲ್ಲಿ ರಸ್ತೆ, ಪಾರ್ಕು, ಶಾಲೆ ಅಂತ ಜಾಗ ಬಿಟ್ಟು ನೂರಕ್ಕೆ 55 ಭಾಗ ಮನೆಗಳಿಗೆ ಉಳಿಯಿತು ಅಂತಿಟ್ಟುಕೊಳ್ಳಿ, ಹೆಚ್ಚುಕಡಿಮೆ ಇಪ್ಪತ್ತು ಸೈಟು ಏಳುತ್ತವೆ. ಮಳೆ ಚೆನ್ನಾಗಿ ಆದ ವರ್ಷ ಅಂಥ ಒಂದೆರಡು ಎಕರೆ ರಾಗಿ ಒಂದು ಸಂಸಾರದ ಹೊಟ್ಟೆ ತುಂಬಿಸುತ್ತಿತ್ತು.

ನಾನು ಮದುವೆಯಾಗಿ ಬೆಂಗಳೂರಿನ ಜಯನಗರಕ್ಕೆ ಬಂದದ್ದು 1974ರಲ್ಲಿ. ಹಾಗಾಗಿ ಜಯನಗರದ ಮಾತನ್ನೇ ಹೇಳುತ್ತೇನೆ; ಮೈಸೂರಿನ ಕುವೆಂಪುನಗರದವರೂ ಹುಬ್ಬಳ್ಳಿಯ ವಿದ್ಯಾನಗರದವರೂ ತಮ್ಮ ತಮ್ಮ ಊರಿಗೆ ಹೊಂದಿಸಿಕೊಳ್ಳಿ.

ಬೆಂಗಳೂರಿಗೆ ಹೊಸ ಬಡಾವಣೆಗಳ ಹುಚ್ಚು ಹತ್ತಿದ್ದು ರೋಗದಿಂದ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಹುಳುಗಳಂತೆ ಸತ್ತಾಗ ಗಾಳಿ ಬೆಳಕಿರುವ ಅಗಲ ರಸ್ತೆಗಳ ಮಲ್ಲೇಶ್ವರ, ಬಸವನಗುಡಿ ಎದ್ದವು. ಬಸವನಗುಡಿ ಇರುವ ಕಡೆ ಸುಂಕೇನಹಳ್ಳಿ ಅಂತ ಊರು. ಸುತ್ತ ಕಡಲೆಕಾಯಿ ಹೊಲ. ರಾತ್ರಿ ಬಸವ ಬಂದು ಬೆಳೆ ಮೇಯುತ್ತಿದ್ದನೆಂದೂ, ರೈತರು ಮೊದಲ ಫಸಲು ಅವನಿಗೇ ಕೊಡುತ್ತೇವೆಂದು ಹರಸಿಕೊಂಡರೆಂದೂ ಕಥೆ ನಿಮಗೆಲ್ಲ ಗೊತ್ತು. ಇವತ್ತಿಗೂ ಕಾರ್ತಿಕದ ಕಡೇ ಸೋಮವಾರ ಪರಿಷೆ ನಡೆಯುತ್ತದೆ. ಕಡಲೆಕಾಯಿ ಮಾತ್ರ ಲಾರಿಯಲ್ಲಿ ದೂರದಿಂದ ಬರುತ್ತದೆ. ಬಸವ ಮೇಯಲು ಹೋದರೆ ಅಲ್ಲಿ ನಮ್ಮ ಕಾಂಪೌಂಡುಗಳಿವೆ.

ಜಯನಗರದ ಕಥೆ ಅದಾಗಿ ಐವತ್ತು ವರ್ಷಕ್ಕೆ. 1941ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ, 1951ರಲ್ಲಿ ಸುಮಾರು 7 ಲಕ್ಷ 80 ಸಾವಿರ. ಹತ್ತೇ ವರ್ಷದಲ್ಲಿ ಮನೆ ತುಂಬ ನೆಂಟರು ಬಂದ ಹಾಗೆ! ವಿಮಾನದ ಕಾರ್ಖಾನೆ 1940ರಲ್ಲಿ ಬಂದಿತ್ತು, ಟೆಲಿಫೋನಿನದು 1948ರಲ್ಲಿ ಬಂತು. ಬಂದವರಿಗೆಲ್ಲ ಸೂರು ಬೇಕಲ್ಲ? 1945ರಲ್ಲಿ ಒಂದು ಕಾಯಿದೆ ಮಾಡಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡನ್ನು ಕಟ್ಟಿದರು. ಹೊಲ ಗದ್ದೆ ವಶಪಡಿಸಿಕೊಂಡು, ರಸ್ತೆ ಹಾಕಿ, ಸೈಟು ಮಾಡಿ ಹಂಚುವುದು ಅದರ ಕೆಲಸ. ಈಗಿನ ಬಿ.ಡಿ.ಎ. 1976ರಲ್ಲಿ ಅದರ ಜಾಗಕ್ಕೆ ಬಂದದ್ದು.

ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಊರು ಬೆಳೆಯಬಹುದಾದ ಗಡಿ ಅಲ್ಲಿಗೇ ಎಂದು ಪ್ರತೀತಿ. ಆಮೇಲಿನವರು ಇನ್ನೊಂದಷ್ಟು ದೂರ ಬಂದು ಸೌತ್ ಎಂಡ್ ಅಂತ ಹೆಸರಿಟ್ಟರು. ಊರಿನ ದಕ್ಷಿಣದ ಕೊನೆ. ಅದರಾಚೆ ಕನಕನಪಾಳ್ಯ, ಸಿದ್ದಾಪುರ, ಭೈರಸಂದ್ರ, ಯಡಿಯೂರು, ಮಾರೇನಹಳ್ಳಿ. 1948ರ ಆಗಸ್ಟಿನಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರು ಕನಕನಪಾಳ್ಯದ ಹತ್ತಿರ ಬಂದು ಹೊಸ ಬಡಾವಣೆಗೆ ಚಾಲನೆ ಕೊಟ್ಟರು. ಅದರ ನೆನಪಿಗೇ ಅಶೋಕ ಪಿಲ್ಲರು. ದಿನಾ ಬಸ್ಸಿನಲ್ಲಿ ಅದರ ಸುತ್ತ ತಿರುಗುವವರು ಎಷ್ಟು ಜನ ಅದರ ಮೇಲಿನ ಸಿಂಹಗಳನ್ನು ತಲೆಯೆತ್ತಿ ನೋಡಿದ್ದೀರಿ, ಹೇಳಿ? ಏಷ್ಯಾದಲ್ಲೇ ದೊಡ್ಡ ಬಡಾವಣೆ ಅಂತ ಜಯನಗರದವರು ಬೀಗುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ನಾನೂ ನೆಂಟರ ಮುಂದೆ ಬೀಗಿದವಳೇ.

ಆಗ ನಮ್ಮ ಬೀದಿಗೆ ಒಬ್ಬ ಅಜ್ಜಿ ಸೊಪ್ಪು ತರುತ್ತಿದ್ದಳು. ದಂಟು, ಕೀರೆ, ಸಬ್ಬಸಿಗೆ ಎಲ್ಲರೂ ತರುತ್ತಾರೆ. ಇವಳ ಬುಟ್ಟಿಯಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೆಸರೇ ಗೊತ್ತಿಲ್ಲದ ಬೆರಕೆಸೊಪ್ಪು ಇರುತ್ತಿತ್ತು. ಒಂದು ದಿನ ನೀರು ಕುಡಿಯಲು ಹಿತ್ತಿಲಿಗೆ ಬಂದವಳು ಅಡುಗೆಮನೆಯ ಕಿಟಕಿ ಕಡೆ ಕೈ ತೋರಿಸಿ, “ನಿಮ್ಮೊಲೆ ಐತಲ್ಲವ್ವ, ಅಲ್ಲೇ ನಮ್ ಕಣ ಇದ್ದಿದ್ದು. ಅಲ್ಲಿಂದ ಆ ಹೊಂಗೇಮರದ ಗಂಟ ರಾಗಿ” ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. “ದುಡ್ಡು ಬಂತಲ್ಲ ಅಜ್ಜಿ?” ಅಂದೆ.

“ಬಂತಂತೆ ಕಣವ್ವ. ನಮ್ ಮಾವ ಹೆಬ್ಬೆಟ್ಟೊತ್ತಿ ಈಸ್ಕಂಡ್ರು. ಗಂಡುಮಕ್ಳು ನಾಲ್ಕು ಜನ ಹಂಚ್ಕಂಡ್ರು. ಒಬ್ಬ ಲಾರಿ ತಗಂಡ, ಒಬ್ಬ ಮಗಳ ಮದ್ವೆ ಮಾಡ್ದ, ನಮ್ಮೋರು ಕುಡುದ್ರು.”

“ನಿಮಗೆ?”

“ನಂಗೇನವ್ವ, ನನ್ ಹೆಸ್ರು ಪತ್ರದಾಗಿತ್ತಾ?” ಅಂತ ನಕ್ಕುಬಿಟ್ಟಳು. ಕಟ್ಟಿಗೆ ನಾಲ್ಕಾಣೆ ಇಸಿದುಕೊಂಡು ಹೋದಳು.

ಸೋದರಿಯರೇ, ರಾಗಿ ಹೊಲ ಎಂದರೆ ಬರೀ ರಾಗಿಯಲ್ಲ. ಹಳೇ ಮೈಸೂರಿನ ಕಡೆಯವರಿಗೆ ಅಕ್ಕಡಿ ಸಾಲು ಗೊತ್ತಿರುತ್ತದೆ. ರಾಗಿಯ ನಡುನಡುವೆ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಹಾಕುವುದು. ಉಳುವುದು ಗಂಡಸಿನದಾದರೆ ಅಕ್ಕಡಿಯ ಕಾಳು ಕೈಯಲ್ಲಿ ಬಿಡುವುದು, ಕಳೆ ಕೀಳುವುದು, ಅವರೆ ಬಿಡಿಸುವುದು, ಮುಂದಿನ ವರ್ಷದ ಬಿತ್ತನೆಗೆ ಬೀಜ ಆರಿಸಿ ಬೂದಿ ಬೆರೆಸಿ ಇಡುವುದು ಹೆಂಗಸಿನದು. ಕಳೆ ಕೀಳುವಾಗ ಮಡಿಲಿಗೆ ಬಿದ್ದ ಬೆರಕೆಸೊಪ್ಪೇ ರಾತ್ರಿಯ ಬಸ್ಸಾರು. ತೊಗರಿ ಕಡ್ಡಿ ಒಲೆಗೆ, ರಾಗಿ ಹುಲ್ಲು ಹಸುವಿಗೆ, ಹಸುವಿನ ಹಾಲು ಪೇಟೆಗೆ, ಹಾಲಿನ ಕಾಸು ಅವಳ ಸೆರಗಿನ ಗಂಟಿಗೆ. ಮನೆಯ ಯಜಮಾನನನ್ನು ಕೇಳದೆ ಮಗುವಿಗೊಂದು ಬಳೆ ತೊಡಿಸಲು ಅವಳಿಗೆ ಇದ್ದ ದುಡ್ಡು ಅದೊಂದೇ.

ಪರಿಹಾರದ ಲೆಕ್ಕ ಬರೆಯುವವರು ಏನು ಬರೆದುಕೊಳ್ಳುತ್ತಾರೆ? ಜಮೀನು ಖುಷ್ಕಿಯೋ, ತರಿಯೋ, ಬಾಗಾಯ್ತೋ, ಎಷ್ಟು ಗುಂಟೆ. ಬಾವಿ ಇದ್ದರೆ, ಗಿಡಮರ ಇದ್ದರೆ ಅದಕ್ಕೊಂದು ಬೆಲೆ. ಸೊಪ್ಪಿಗೆ, ಸೌದೆಗೆ, ಹಾಲಿನ ಕಾಸಿಗೆ ಯಾವ ಕಲಮೂ ಇಲ್ಲ. ಹೊಲ ಹೋದಾಗ ಗಂಡಸಿಗೆ ಹೊಲದ ಬೆಲೆ ಬಂತು, ಎಷ್ಟೋ ಸಲ ತೀರಾ ಕಡಿಮೆಯೇ ಬಂತು. ಹೆಂಗಸಿನ ಸೆರಗಿನ ಗಂಟು ಸದ್ದಿಲ್ಲದೆ ಬಿಚ್ಚಿಹೋಯಿತು. ತಾನು ಕಳೆ ಕಿತ್ತ ನೆಲದ ಮೇಲೆ ಎದ್ದ ಮನೆಯಲ್ಲೇ ಕಸಮುಸುರೆ ಮಾಡಿ ತಿಂಗಳ ಸಂಬಳ ತಂದವರು ಎಷ್ಟು ಮಂದಿಯೋ!

ನಿಮ್ಮ ಬಡಾವಣೆಯಲ್ಲೂ ಒಂದು ವಿಚಿತ್ರ ಗಮನಿಸಿರಬಹುದು. ಗೆರೆ ಎಳೆದಂಥ ಮೇನು, ಕ್ರಾಸುಗಳ ನಡುವೆ ಇದ್ದಕ್ಕಿದ್ದಂತೆ ಒಂದು ಕಡೆ ಓಣಿಗಳು ಹಾವಿನ ಹಾಗೆ ಬಳುಕುತ್ತವೆ. ಅಲ್ಲೊಂದು ಮಾರಮ್ಮನ ಗುಡಿ, ಅರಳೀಕಟ್ಟೆ, ಎರಡು ಹಸು. ಕಾರು ತಿರುಗಿಸಲು ಆಗುವುದಿಲ್ಲ ಅಂತ ನಾವು ಗೊಣಗುತ್ತೇವೆ. ಅದು ಗ್ರಾಮಠಾಣ. ಬಡಾವಣೆ ಮಾಡುವವರು ಹೊಲಗಳನ್ನು ತೆಗೆದುಕೊಂಡು ಜನ ಇರುವ ಊರನ್ನು ಬಿಡುತ್ತಾರೆ. ಉಳಿದ ಊರಿಗೆ ಸುತ್ತಲೂ ನಮ್ಮ ಮನೆಗಳು. ಆ ಓಣಿಗಳು ಇಕ್ಕಟ್ಟಾಗಿರುವುದು ಅಲ್ಲಿನವರಿಗೆ ಅಚ್ಚುಕಟ್ಟು ತಿಳಿಯದೆ ಅಲ್ಲ. ಮನೆ ದೊಡ್ಡದು ಮಾಡಲು ಅವರಿಗೆ ಹಿತ್ತಿಲಾಚೆ ನೆಲವೇ ಉಳಿದಿಲ್ಲ.

ಕೆಲವು ಕಡೆ ಹೆಸರೂ ಉಳಿಯಲಿಲ್ಲ. ಬಿ.ಟಿ.ಎಂ. ಲೇಔಟಿನವರೇ, ನಿಮ್ಮ ಮೂರು ಅಕ್ಷರಗಳಲ್ಲಿ ಮೂರು ಊರುಗಳಿವೆ: ಭೈರಸಂದ್ರ, ತಾವರೆಕೆರೆ, ಮಡಿವಾಳ. ಸಂದ್ರ ಅಂದರೆ ಸಮುದ್ರ, ಕೆರೆಗೆ ಹಿರಿಯರು ಪ್ರೀತಿಯಿಂದ ಕೊಟ್ಟ ಹೆಸರು. ತಾವರೆಕೆರೆಗೆ ಅರ್ಥ ಬೇರೆ ಹೇಳಬೇಕೇ? ಹೆಸರಿನಲ್ಲೇ ಇಷ್ಟು ನೀರಿರುವಾಗ ಮಳೆಗಾಲದಲ್ಲಿ ತಗ್ಗಿನ ಮನೆಗಳಿಗೆ ನೀರು ನುಗ್ಗಿತೆಂದು ಆಶ್ಚರ್ಯ ಪಡುವುದೇಕೆ ಅಂತ ನನಗನ್ನಿಸುತ್ತದೆ. ಸೈಟು ಕೊಳ್ಳುವ ಮುಂಚೆ ವಾಸ್ತು ಕೇಳುವವರು ಊರಿನ ಹೆಸರನ್ನೂ ಒಮ್ಮೆ ಕೇಳಿದರೆ ಒಳ್ಳೆಯದು.

ಇದೆಲ್ಲ ಆಗಿಹೋದ ಕಾಲದ್ದು ಎನ್ನಬೇಡಿ. 2008ರಲ್ಲಿ ಶುರುವಾದ ಕೆಂಪೇಗೌಡ ಬಡಾವಣೆಗೆ 12 ಹಳ್ಳಿಗಳ 4,043 ಎಕರೆ ಗುರುತಿಸಿದರು. ಅದೇ ವರ್ಷದ ಕೊನೆಗೆ ಶಿವರಾಮ ಕಾರಂತರ ಹೆಸರಿನ ಬಡಾವಣೆಗೆ 17 ಹಳ್ಳಿಗಳ 3,546 ಎಕರೆ. ಮಣ್ಣನ್ನು ನೆಚ್ಚಿದವರ ಬದುಕನ್ನೇ ಬರೆದ ಕಾರಂತರು ಇದಕ್ಕೆ ಏನೆನ್ನುತ್ತಿದ್ದರೋ! ಒಂದು ವ್ಯತ್ಯಾಸ ಉಂಟು. ಕೆಂಪೇಗೌಡ ಬಡಾವಣೆಯಲ್ಲಿ ದುಡ್ಡು ಬೇಡವೆಂದ ರೈತರಿಗೆ ಬಡಾವಣೆಯಾದ ನೆಲದಲ್ಲೇ ನೂರಕ್ಕೆ 40 ಭಾಗ ಕೊಡುವ ಏರ್ಪಾಡು ಬಂತು. ಎಕರೆಗೆ 9,583 ಚದರ ಅಡಿ. ನಮ್ಮ ಮೂವತ್ತು-ನಲವತ್ತರ ಲೆಕ್ಕದಲ್ಲಿ ಎಂಟು ಸೈಟು.

ಎಂಟು ಸೈಟು ಯಾರ ಹೆಸರಿಗೆ? ಅದನ್ನು ಹೇಳುವುದಕ್ಕೇ ಈ ಸಲ ಪೆನ್ನು ಹಿಡಿದದ್ದು.

ನಗರದ ಅಂಚಿನ ಹಳ್ಳಿಯೊಂದರಲ್ಲಿ ಹುಟ್ಟಿ ಈಗ ತುಮಕೂರಿನಲ್ಲಿರುವ ಒಬ್ಬ ಸೋದರಿ ನನಗೆ ಪತ್ರ ಬರೆದಿದ್ದಾರೆ. ಹೆಸರು ಬೇಡ. ತಂದೆ ತೀರಿಕೊಂಡಿದ್ದಾರೆ, ತಾಯಿ ಇದ್ದಾರೆ, ಮೂವರು ಅಣ್ಣಂದಿರು, ಇವರು ಮತ್ತು ಒಬ್ಬ ತಂಗಿ. ತಾತನ ಕಾಲದ ಎರಡು ಎಕರೆ ಹೊಲ, ಇನ್ನೂ ಪಾಲಾಗಿಲ್ಲ. ಅದಕ್ಕೆ ಬಡಾವಣೆ ಬರುತ್ತಿದೆ. “ಅಕ್ಕಾ, ಈ ಸಲ ಗೌರಿ ಹಬ್ಬಕ್ಕೆ ದೊಡ್ಡಣ್ಣನೇ ಬಾಗಿನ ತಂದಿದ್ದರು. ಹೋಗುವಾಗ, ಮುಂದಿನ ವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಹಿ ಹಾಕಿ ಹೋಗಮ್ಮ, ನಿನಗೂ ಚಿಕ್ಕವಳಿಗೂ ಅರಿಶಿನ-ಕುಂಕುಮಕ್ಕೆ ಅಂತ ಐವತ್ತೈವತ್ತು ಸಾವಿರ ಕೊಡುತ್ತೇವೆ ಅಂದರು. ಸಹಿ ಹಾಕದಿದ್ದರೆ ತವರು ತಪ್ಪುತ್ತದೆ. ಹಾಕಿದರೆ ಮನಸ್ಸಿಗೆ ಏನೋ ಆಗುತ್ತದೆ. ಏನು ಮಾಡಲಿ?” ಎಂದು ಕೇಳಿದ್ದಾರೆ.

ತಂಗೀ, ಮೊದಲು ಕಾಯಿದೆಯ ಮಾತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ಬಂದಿತ್ತು. ಮನೆ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳು ಇವರಿಗೂ ಒಂದಿಷ್ಟು ಎಂದು ಅದು ಹೇಳಿತ್ತು. ಜಯನಗರದ ಹೊಲಗಳು ಹೋಗುವಾಗಲೂ ಆ ಕಾಯಿದೆ ಇತ್ತು. ಆದರೆ ಪಾಲಾದರೆ ತಾನೆ? ಒಟ್ಟು ಕುಟುಂಬದ ಜಮೀನು ಯಜಮಾನನ ಖಾತೆಯಲ್ಲಿತ್ತು, ಹೆಬ್ಬೆಟ್ಟು ಅವನದೇ ಬಿತ್ತು. ಮುಂದೆ ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಮಗಳಿಗೂ ಮಗನಷ್ಟೇ ಹಕ್ಕು ಎಂದು ತಿದ್ದುಪಡಿ ಆಯಿತು; ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿಯಲ್ಲಿ ಮದುವೆಯ ಷರತ್ತು ಇಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನ ಸಮ ಹಕ್ಕು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ವಿಭಾಗವೋ ಮಾರಾಟವೋ ಆಗಿಹೋಗಿದ್ದರೆ ಅದನ್ನು ಕೆದಕುವಂತಿಲ್ಲ. ತಂದೆಯ ಸ್ವಂತ ಸಂಪಾದನೆಯ ಆಸ್ತಿಯಾಗಿ, ಉಯಿಲು ಬರೆದಿದ್ದರೆ ಅದು ಬೇರೆ. ನಿಮ್ಮದು ತಾತನ ಹೊಲ, ಪಾಲೂ ಆಗಿಲ್ಲ.

ಅಣ್ಣ ಸಹಿ ಕೇಳಿದ ಪತ್ರಕ್ಕೆ ಹಕ್ಕು ಖುಲಾಸೆ ಪತ್ರ ಎಂದು ಹೆಸರು. ಒಮ್ಮೆ ರಿಜಿಸ್ಟ್ರಿಯಾದರೆ ಅದನ್ನು ತಿರುಗಿ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಎರಡು ಎಕರೆಗೆ ನಾನು ಹೇಳಿದ ನಲವತ್ತರ ಲೆಕ್ಕವೇ ಸಿಕ್ಕರೆ ಹದಿನಾರು ಸೈಟು. ಐವರು ಮಕ್ಕಳು, ಒಬ್ಬ ತಾಯಿ. ಭಾಗದ ಲೆಕ್ಕವನ್ನು ವಕೀಲರು ಸರಿಯಾಗಿ ಹೇಳುತ್ತಾರೆ, ಹೇಗೆ ಹಾಕಿದರೂ ನಿಮ್ಮ ಪಾಲು ಎರಡು ಸೈಟಿಗೆ ಕಡಿಮೆಯಾಗದು. ಅದನ್ನು ಐವತ್ತು ಸಾವಿರದ ಪಕ್ಕದಲ್ಲಿಟ್ಟು ನೋಡಿ.

ತವರಿನ ಮಾತನ್ನು ನಾನು ಹಗುರ ಮಾಡುವುದಿಲ್ಲ. ಬಾಗಿನ ಬಾರದ ಗೌರಿ ಹಬ್ಬ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಕಷ್ಟದಲ್ಲಿರುವ ಅಣ್ಣನಿಗೆ ನಿಮ್ಮ ಪಾಲಿನಲ್ಲಿ ಒಂದಿಷ್ಟು ಬಿಟ್ಟುಕೊಡಬೇಕೆಂದು ನಿಮಗೇ ಅನ್ನಿಸಿದರೆ ಧಾರಾಳವಾಗಿ ಬಿಡಿ, ಲೆಕ್ಕ ತಿಳಿದುಕೊಂಡು ಬಿಡಿ. ಆದರೆ ಒಂದು ಸಹಿಗೆ ಮುರಿಯುವ ತವರು ಎಂದರೆ ಮುರಿಯುತ್ತಿರುವವರು ಯಾರು ಅಂತ ಅಣ್ಣನನ್ನೂ ಒಮ್ಮೆ ಕೇಳಬೇಕಾಗುತ್ತದೆ. ನಿಮ್ಮ ತಾಯಿಯನ್ನು ಮರೆಯಬೇಡಿ. ಆ ಹೊಲದಲ್ಲಿ ಕಳೆ ಕಿತ್ತವರು ಅವರು. ಈ ಕಾಗದಗಳಲ್ಲಿ ಅವರಿಗೇನು ಇಟ್ಟಿದ್ದಾರೆ ಅಂತ ನೀವು ಬರೆದೇ ಇಲ್ಲ.

ಈಗಲೇ ಮಾಡಬೇಕಾದದ್ದು ಇಷ್ಟು. ಹೊಲದ ಪಹಣಿ ತೆಗೆಸಿ ಯಾರ ಹೆಸರಿದೆ ನೋಡಿ. ನಾಡಕಚೇರಿಯಲ್ಲಿ ಕೊಟ್ಟಿರುವ ವಂಶವೃಕ್ಷದ ನಕಲು ಕೇಳಿ. ಹೆಣ್ಣುಮಕ್ಕಳ ಹೆಸರನ್ನು ಅದರಲ್ಲೇ ಬಿಟ್ಟುಬಿಡುವವರು ಉಂಟು. ಬಿಟ್ಟಿದ್ದರೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರ ಕೊಡುವ ಕಚೇರಿಗೂ ನಾವೂ ಹಕ್ಕುದಾರರು ಎಂದು ಅಕ್ಕತಂಗಿಯರಿಬ್ಬರೂ ಸೇರಿ ಅರ್ಜಿ ಕೊಡಿ. ವಕೀಲರ ಫೀಜಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮುಂದಿನ ವಾರ ಸಹಿಗೆ ಕರೆದರೆ, ಪತ್ರದ ಕರಡು ಕೊಡಿ ಅಣ್ಣ, ಓದಿ ನೋಡಿ ಹೇಳುತ್ತೇನೆ ಎನ್ನಿ. ಅಷ್ಟು ಹೇಳಲು ಜಗಳ ಬೇಕಿಲ್ಲ. ಓದಿ ನೋಡಿದ ಮೇಲೆ ನನಗೂ ಒಂದು ಕಾಗದ ಹಾಕಿ.

ಬೆರಕೆಸೊಪ್ಪಿನ ಬಸ್ಸಾರು ಮಾಡುವ ಕ್ರಮ ಕೇಳಿ ಹಾಸನದಿಂದಲೂ ಮಂಡ್ಯದಿಂದಲೂ ಬರೆದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಸೊಪ್ಪು ಎಲ್ಲಿ ಸಿಗುತ್ತದೆಂದು ಮಾತ್ರ ನನ್ನನ್ನು ಕೇಳಬೇಡಿ.